ನಟಿಸಲು ಬಂದು ನುಡಿಸಿದವರು

ಮದುವೆಯ ಮನೆಯಲ್ಲಿ ಪಂಕ್ತಿಗೆ ಕುಳಿತವರು ಹೋಳಿಗೆಯನ್ನು ಮೆಚ್ಚಿ ಮನೆಯ ಯಜಮಾನಿಯನ್ನು ಹೊಗಳುವುದುಂಟು. ಹೋಳಿಗೆಯನ್ನು ತಟ್ಟಿದವರು ಹಿತ್ತಲ ಒಲೆಯ ಮುಂದೆ ಬೆವರುತ್ತಿರುವ ಅಡಿಗೆಯವರೆಂಬುದು ಹೊಗಳಿದವರಿಗೂ ಗೊತ್ತು, ಹೊಗಳಿಸಿಕೊಂಡವರಿಗೂ ಗೊತ್ತು. ಆದುದರಿಂದ ಅಲ್ಲಿ ಮೋಸವೇನೂ ಇಲ್ಲ. ಆದರೆ ಆ ಯಜಮಾನಿಯು ಎಲ್ಲವನ್ನೂ ತಾನೇ ತಟ್ಟಿದೆನೆಂದು ಹೇಳಿಕೊಂಡರೆ ಅದು ಬೇರೆಯ ಮಾತಾಗುತ್ತದೆ. ಇದಕ್ಕಿಂತಲೂ ವಿಚಿತ್ರವಾದ ಇನ್ನೊಂದು ಸಂದರ್ಭವನ್ನು ವಾಚಕರು ಊಹಿಸಿಕೊಳ್ಳಬೇಕು. ತಟ್ಟಬೇಕೆಂಬ ಆಸೆಯೂ ಕೈಗುಣವೂ ಆಕೆಗೆ ಇದ್ದು, ಒಲೆಯ ಹತ್ತಿರಕ್ಕೆ ಮಾತ್ರ ಯಾರೂ ಆಕೆಯನ್ನು ಬಿಡದೆ, ಒಳ್ಳೆಯ ಸೀರೆಯುಡಿಸಿ ಬಾಗಿಲಲ್ಲಿ ನಿಲ್ಲಿಸಿ, ಬರುವ ಹೊಗಳಿಕೆಯನ್ನೂ ತೆಗಳಿಕೆಯನ್ನೂ ಆಕೆಯೇ ಹೊರಬೇಕೆಂದು ಕಟ್ಟುಮಾಡಿದರೆ? ಆಗ ಆಕೆಯ ಮನಸ್ಸು ಹೇಗಿದ್ದೀತು?

ನಮಗೆ ಈ ಯೋಚನೆಯನ್ನು ಹತ್ತಿಸಿದ್ದು ಅಮೆರಿಕ ದೇಶದ ಒಂದು ಹಳೆಯ ಟೆಲಿವಿಷನ್ ವಿನೋದಮಾಲೆ. ಅದರ ಹೆಸರು ‘ದ ಮಂಕೀಸ್’. ಕೋತಿಗಳೆಂದೇ ಅರ್ಥ; ‘ಬೀಟಲ್ಸ್’ ಎಂಬ ಹೆಸರಿನಲ್ಲಿ ಮಾಡಿದ್ದಂತೆ ಇಲ್ಲಿಯೂ ಇಂಗ್ಲಿಷಿನ ಕಾಗುಣಿತವನ್ನು ಬೇಕೆಂದೇ ಒಂದಕ್ಷರದಷ್ಟು ತಪ್ಪಿಸಿದ್ದಾರೆ. 1966ನೆಯ ಇಸವಿ ಸೆಪ್ಟೆಂಬರ್ 12ರಂದು ಎನ್.ಬಿ.ಸಿ. ಸಂಸ್ಥೆಯವರು ಮೊದಲುಮಾಡಿ 1968ರ ಮಾರ್ಚ್ 25ರಂದು ಮುಗಿಸಿದ ಈ ಮಾಲೆಯಲ್ಲಿ ಅರ್ಧ ಅರ್ಧ ಗಂಟೆಯ 58 ಕಂತುಗಳಿವೆ. ಈಚೆಗೆ ಕೆಲವು ಸಂಜೆಗಳಲ್ಲಿ ಇವುಗಳನ್ನು ಮತ್ತೊಮ್ಮೆ ನೋಡಿದೆವು. ಮೊದಲು ನೋಡಿದಾಗ ಬರಿಯ ಹುಡುಗಾಟವೆಂದು ನಕ್ಕು ಬಿಟ್ಟಿದ್ದ ನಮಗೆ, ಈ ಸಲ ನಗುವಿನ ಹಿಂದೆ ನಿಂತಿದ್ದ ಒಂದು ನಿಜವಾದ ಜಗಳವೂ ಕಾಣಿಸಿತು. ಆ ಜಗಳದ ಕಥೆಯನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ತಿಂಗಳಿನ ನಮ್ಮ ಉದ್ದೇಶ.

1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದವರು ಅಮೆರಿಕಕ್ಕೆ ಬಂದು ಎಡ್ ಸಲಿವನ್ ಎಂಬಾತನ ಟೆಲಿವಿಷನ್ ಕಾರ್ಯಕ್ರಮದಲ್ಲಿ ಹಾಡಿದರು. ಅದೇ ವರ್ಷ ಅವರ ‘ಎ ಹಾರ್ಡ್ ಡೇಸ್ ನೈಟ್’ ಎಂಬ ಚಲಚ್ಚಿತ್ರವೂ ತೆರೆಗೆ ಬಂದಿತು. ಹಾಡುವ ಹುಡುಗರ ಪುಂಡಾಟವನ್ನೇ ಕಥೆಯಾಗಿ ಮಾಡಬಹುದೆಂಬುದು ಅದರಿಂದ ಎಲ್ಲರಿಗೂ ತಿಳಿಯಿತು. ಬಾಬ್ ರಾಫೆಲ್ಸನ್, ಬರ್ಟ್ ಷ್ನೈಡರ್ ಎಂಬ ಇಬ್ಬರು ತರುಣ ನಿರ್ಮಾಪಕರು ಆ ಸೊಗಸನ್ನು ವಾರವಾರವೂ ಮನೆಯೊಳಕ್ಕೆ ತರಬೇಕೆಂದು ಹೊರಟರು. ಬೀಟಲ್ಸರು ಇವರ ಕೈಗೆ ಸಿಕ್ಕುವ ಹಾಗಿರಲಿಲ್ಲ. ಆದ್ದರಿಂದ ಹೊಸದಾಗಿ ಒಂದು ತಂಡವನ್ನೇ ಕಟ್ಟುವುದೆಂದು ತೀರ್ಮಾನವಾಯಿತು. 1965ರ ಸೆಪ್ಟೆಂಬರಿನಲ್ಲಿ ಹಾಲಿವುಡ್ಡಿನ ವೃತ್ತಪತ್ರಿಕೆಗಳಲ್ಲಿ ಒಂದು ಜಾಹೀರಾತು ಕಾಣಿಸಿಕೊಂಡಿತು. ಹದಿನೇಳರಿಂದ ಇಪ್ಪತ್ತೊಂದು ವಯಸ್ಸಿನ, ಹಾಡಬಲ್ಲ ನುಡಿಸಬಲ್ಲ ನಾಲ್ವರು ಹುಚ್ಚು ಹುಡುಗರು ಬೇಕಾಗಿದ್ದಾರೆಂಬುದು ಅದರ ತಾತ್ಪರ್ಯ. ಪರೀಕ್ಷೆಗೆ ಬಂದವರು 437 ಮಂದಿಯೆಂದು ಲೆಕ್ಕ ಹೇಳುತ್ತಾರೆ.

ಆಯ್ಕೆಯಾದ ನಾಲ್ವರನ್ನು ವಾಚಕರಿಗೆ ಪರಿಚಯಮಾಡಿಕೊಡಬೇಕು. ಡೇವಿ ಜೋನ್ಸನು ಇಂಗ್ಲೆಂಡಿನ ಮ್ಯಾಂಚೆಸ್ಟರಿನವನು. ಕುಳ್ಳ ಆಳು, ಚೆಲುವ. ‘ಆಲಿವರ್!’ ಎಂಬ ಗೀತನಾಟಕದಲ್ಲಿ ಜೇಬುಗಳ್ಳ ಹುಡುಗನ ವೇಷದಿಂದ ನ್ಯೂಯಾರ್ಕಿನ ರಂಗಭೂಮಿಯಲ್ಲಿ ಹೆಸರು ಪಡೆದಿದ್ದನು. ಬೀಟಲ್ಸರು ಸಲಿವನ್ನನ ಕಾರ್ಯಕ್ರಮದಲ್ಲಿ ಮೊದಲು ಹಾಡಿದ ರಾತ್ರಿಯೇ ಆ ನಾಟಕದವರೂ ಅದೇ ವೇದಿಕೆಯ ಮೇಲೆ ಹಾಡಿದ್ದರೆಂಬುದು ಒಂದು ವಿನೋದದ ಸಂಗತಿ. ಮಿಕಿ ಡೊಲೆನ್ಜನು ಬಾಲ್ಯದಲ್ಲಿ ‘ಸರ್ಕಸ್ ಬಾಯ್’ ಎಂಬ ಟೆಲಿವಿಷನ್ ಕಥೆಯ ನಾಯಕನಾಗಿದ್ದವನು. ಟೆಕ್ಸಾಸ್ ಪ್ರಾಂತದ ಮೈಕೆಲ್ ನೆಸ್ಮಿತ್ತನು ಹಾಡು ಕಟ್ಟಬಲ್ಲವನು, ಮಿತಭಾಷಿ. ಪರೀಕ್ಷೆಗೆ ಉಣ್ಣೆಯ ಟೊಪ್ಪಿಗೆಯಿಟ್ಟುಕೊಂಡು ಬಂದದ್ದರಿಂದ ಆ ಟೊಪ್ಪಿಗೆಯೇ ಅವನ ಗುರುತಾಗಿ ನಿಂತಿತು. ಟೈಪು ಮಾಡುವವರ ತಪ್ಪನ್ನು ಮರೆಸುವ ಬಿಳಿಯ ದ್ರವವನ್ನು ಅಡಿಗೆಯ ಮನೆಯಲ್ಲಿ ಕಲಸಿ ಕಂಡುಹಿಡಿದು, ಮುಂದೆ ದೊಡ್ಡ ಉದ್ಯಮವನ್ನಾಗಿ ಬೆಳೆಸಿದ ಬೆಟ್ ನೆಸ್ಮಿತ್ ಗ್ರಹಾಂ ಈತನ ತಾಯಿ. ನಾಲ್ಕನೆಯವನಾದ ಪೀಟರ್ ಟಾರ್ಕನು ನ್ಯೂಯಾರ್ಕಿನ ಕಾಫಿ ಅಂಗಡಿಗಳಲ್ಲಿ ಜಾನಪದ ಗೀತೆಗಳನ್ನು ಹಾಡಿಕೊಂಡಿದ್ದವನು; ನಾಲ್ವರಲ್ಲಿ ಹೆಚ್ಚು ವಾದ್ಯಗಳನ್ನು ಬಲ್ಲವನೂ ಅವನೇ. ಆದರೆ ಕಥೆಯಲ್ಲಿ ಅವನಿಗೆ ದೊರೆತ ವೇಷ ಪೆದ್ದನದು! ಡೋಲು ಬಾರಿಸಬೇಕಾದ ಪಾತ್ರವನ್ನು ಡೊಲೆನ್ಜನಿಗೆ ಕೊಟ್ಟರು. ಅವನಿಗೆ ಬರುತ್ತಿದ್ದುದು ಗಿಟಾರು. ಡೋಲನ್ನು ಮೊದಲಿನಿಂದ ಕಲಿಯಬೇಕಾಯಿತು.

ಮಾದರಿಗೆಂದು ತಯಾರಿಸಿದ ಮೊದಲ ಕಂತನ್ನು ಕೆಲವು ಪ್ರೇಕ್ಷಕರಿಗೆ ತೋರಿಸಿ ನೋಡಲು, ಅವರು ಅದನ್ನು ಒಪ್ಪಲಿಲ್ಲ. ರಾಫೆಲ್ಸನ್ನನು ಅದನ್ನು ಕತ್ತರಿಸಿ ಮತ್ತೆ ಜೋಡಿಸಿದನು. ಆಗ ಅವನು ಸೇರಿಸಿದ ಮುಖ್ಯ ವಸ್ತುವೆಂದರೆ, ಜೋನ್ಸನೂ ನೆಸ್ಮಿತ್ತನೂ ಪರೀಕ್ಷೆಗೆ ಬಂದಿದ್ದಾಗ ಕ್ಯಾಮರಾದ ಮುಂದೆ ಸಹಜವಾಗಿ ಆಡಿದ್ದ ಮಾತುಗಳು. ಅವರು ನಿಜವಾಗಿ ಎಂತಹ ಹುಡುಗರೆಂಬುದು ತಿಳಿದ ಮೇಲೆ ಪ್ರೇಕ್ಷಕರಿಗೆ ಅವರ ವೇಷವೂ ಮೆಚ್ಚಿಕೆಯಾಯಿತು. ಈ ಚಿಕ್ಕ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದುದೆಲ್ಲಕ್ಕೂ ಇದು ಬೀಜದಂತಿದೆ.

ಇನ್ನು ಕಥೆಯ ಮಾತು. ಕಡಲ ತೀರದ ಒಂದು ಬಾಡಿಗೆ ಮನೆಯಲ್ಲಿ ನಾಲ್ವರು ಹುಡುಗರು ವಾಸವಾಗಿದ್ದಾರೆ. ದೊಡ್ಡ ಗಾಯಕರಾಗಬೇಕೆಂಬುದು ಅವರ ಹಂಬಲ. ಆದರೆ ಬಾಡಿಗೆಗೂ ಹಣವಿಲ್ಲ, ಮನೆಯ ಒಡೆಯನು ಬಾಗಿಲು ಬಡಿಯುವುದು ತಪ್ಪುವುದಿಲ್ಲ. ತಂದೆಯಿಲ್ಲ, ತಾಯಿಯಿಲ್ಲ, ಬುದ್ಧಿಹೇಳುವ ಸೋದರಮಾವನೂ ಇಲ್ಲ. ಗೃಹಕೃತ್ಯವನ್ನೇ ಕಥೆಯಾಗಿ ಮಾಡಿಕೊಂಡಿದ್ದ ಅಂದಿನ ಅಮೆರಿಕದ ವಿನೋದಮಾಲೆಗಳಲ್ಲಿ ಇದು ಅಪರೂಪವಾಗಿದ್ದಿತು. ಮನೆಯಲ್ಲಿರುವ ಒಬ್ಬನೇ ಹಿರಿಯನೆಂದರೆ ಮೂಲೆಯಲ್ಲಿ ಕುಳ್ಳಿರಿಸಿರುವ ಒಂದು ಮರದ ಬೊಂಬೆ. ದಾರವನ್ನೆಳೆದರೆ ಅದು ಉಪದೇಶಮಾಡುತ್ತದೆ. ಆ ಉಪದೇಶ ಯಾವ ಕೆಲಸಕ್ಕೂ ಬಾರದು. ಅದಕ್ಕೆ ಷ್ನೈಡರ್ ಮಹಾಶಯರೆಂದು ತಮ್ಮ ನಿರ್ಮಾಪಕರಲ್ಲೊಬ್ಬನ ಹೆಸರನ್ನೇ ಇಟ್ಟಿದ್ದಾರೆ!

ಚಿತ್ರಿಸಿದ ರೀತಿಯೂ ಹೊಸದು. ಮಾತಿನ ನಡುವೆ ಪಾತ್ರಗಳು ತಿರುಗಿ ನೋಡುವವರೊಡನೆಯೇ ಮಾತನಾಡುತ್ತವೆ. ಒಂದು ಕ್ಷಣದ ಹಿಂದೆ ಮನೆಯಲ್ಲಿದ್ದವರು ಮರುಕ್ಷಣ ಮರಳುಗಾಡಿನಲ್ಲಿರುತ್ತಾರೆ. ಹಾಡು ಮೊದಲಾಯಿತೆಂದರೆ ಕಥೆಯು ಬದಿಗೆ ಸರಿದು, ಓಟ, ಬೀಳಾಟ, ವೇಷ ಬದಲಾವಣೆ, ಎಲ್ಲವೂ ತಾಳಕ್ಕೆ ಸರಿಯಾಗಿ ಹರಿದುಹೋಗುತ್ತವೆ. ಕಂತು ಒಂದು ನಿಮಿಷ ಕಡಿಮೆಬಿದ್ದರೆ, ನಾಲ್ವರನ್ನೂ ಕುಳ್ಳಿರಿಸಿ ಏನಾದರೂ ಪ್ರಶ್ನೆ ಕೇಳಿ, ಅವರು ತಮ್ಮ ಮಾತಿನಲ್ಲಿಯೇ ಕೊಟ್ಟ ಉತ್ತರದಿಂದ ಆ ನಿಮಿಷವನ್ನು ತುಂಬಿಬಿಡುತ್ತಿದ್ದರು. ನಿರ್ದೇಶಕರಲ್ಲೊಬ್ಬನಾದ ಜೇಮ್ಸ್ ಫ್ರಾಲಿಯು ಈ ಹುಡುಗರಿಗೆ ಬರೆದುಕೊಟ್ಟುದನ್ನು ಮೀರಿ ಆ ಕ್ಷಣದಲ್ಲಿ ತೋಚಿದಂತೆ ಆಡುವ ವಿದ್ಯೆಯನ್ನು ಮೊದಲೇ ಕಲಿಸಿದ್ದನು. ಬೀಟಲ್ಸ್ ತಂಡದ ಜಾನ್ ಲೆನನ್ನನು ಇವರನ್ನು ಮಾರ್ಕ್ಸ್ ಸಹೋದರರೆಂಬ ಹಳೆಯ ಹಾಸ್ಯನಟರಿಗೆ ಹೋಲಿಸಿದುದು ಸುಮ್ಮನೆ ಅಲ್ಲ. 1967ರಲ್ಲಿ ಆ ವರ್ಷದ ಅತ್ಯುತ್ತಮ ವಿನೋದಮಾಲೆಯೆಂದು ‘ಎಮ್ಮಿ’ ಪ್ರಶಸ್ತಿಯು ಇದಕ್ಕೆ ಬಂದಿತು. ಫ್ರಾಲಿಗೂ ನಿರ್ದೇಶನಕ್ಕಾಗಿ ಅದೇ ಪ್ರಶಸ್ತಿ ದೊರೆಯಿತು.

ಹೀಗೆ ಹೊರಗೆ ಎಲ್ಲವೂ ಸುಖವಾಗಿದ್ದಿತು. ಒಳಗೆ ಸಂಗೀತದ ವ್ಯವಸ್ಥೆಯು ಬೇರೆಯಾಗಿದ್ದಿತು. ವಾರಕ್ಕೊಂದು ಕಂತು, ಕಂತಿಗೆ ಒಂದೆರಡು ಹಾಡು. ಇಷ್ಟನ್ನು ಒದಗಿಸುವ ಭಾರವನ್ನು ಡಾನ್ ಕರ್ಷ್ನರ್ ಎಂಬ ಪ್ರಸಿದ್ಧ ಗೀತವ್ಯಾಪಾರಿಗೆ ವಹಿಸಿದ್ದರು. ಟಾಮಿ ಬಾಯ್ಸ್, ಬಾಬಿ ಹಾರ್ಟ್, ಕೆರೋಲ್ ಕಿಂಗ್, ಜೆರಿ ಗಾಫಿನ್, ನೀಲ್ ಡೈಮಂಡ್ ಮೊದಲಾದ ನುರಿತವರು ಹಾಡು ಕಟ್ಟಿಕೊಟ್ಟರು. ಕೂಲಿಗೆ ನುಡಿಸುವ ನಿಪುಣ ವಾದ್ಯಗಾರರು ಮೇಳವನ್ನು ಮುದ್ರಿಸಿಕೊಟ್ಟರು. ನಾಲ್ವರು ಹುಡುಗರು, ಅವರಲ್ಲಿಯೂ ಹೆಚ್ಚಾಗಿ ಡೊಲೆನ್ಜನೂ ಜೋನ್ಸನೂ, ಬಂದು ಸಿದ್ಧವಾದ ವಾದ್ಯಮೇಳದ ಮೇಲೆ ತಮ್ಮ ಕೊರಳನ್ನು ಕೂಡಿಸಿ ಹೋಗುತ್ತಿದ್ದರು. ಮೊದಲ ಸಂಪುಟದಲ್ಲಿ ಒಂದೆರಡು ಹಾಡುಗಳನ್ನು ತನ್ನ ಮೇಲ್ವಿಚಾರಣೆಯಲ್ಲಿ ಮಾಡಿಕೊಳ್ಳಲು ನೆಸ್ಮಿತ್ತನಿಗೆ ಅವಕಾಶ ಸಿಕ್ಕಿತು. ಉಳಿದಂತೆ ಕೊರಳು ಇವರದು, ಕೈ ಬೇರೆಯವರದು.

ಲಾಭದ ದೃಷ್ಟಿಯಿಂದ ನೋಡಿದರೆ ಕರ್ಷ್ನರನ ಏರ್ಪಾಟಿನಲ್ಲಿ ಕುಂದಿರಲಿಲ್ಲ. ‘ಲಾಸ್ಟ್ ಟ್ರೈನ್ ಟು ಕ್ಲಾರ್ಕ್ಸ್‌ವಿಲ್’ ಎಂಬ ಹಾಡು 1966ರ ನವೆಂಬರಿನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಡೈಮಂಡನು ಕಟ್ಟಿದ ‘ಐಯಾಮ್ ಎ ಬಿಲೀವರ್’ ಆ ವರ್ಷದ ಕೊನೆಯ ದಿನ ಅಗ್ರಸ್ಥಾನವನ್ನು ಹಿಡಿದು ಏಳು ವಾರ ಬಿಡಲಿಲ್ಲ. ಆದರೆ ಆ ವೇಳೆಗೆ ಒಂದು ತೊಡಕು ಕಾಣಿಸಿಕೊಂಡಿತ್ತು. 1966ರ ಡಿಸೆಂಬರ್ 3ರಂದು ಹವಾಯಿ ದ್ವೀಪದ ಹೊನೊಲುಲು ನಗರದಲ್ಲಿ ಮೊದಲುಗೊಂಡು ಈ ನಾಲ್ವರು ಊರೂರಿಗೆ ಹೋಗಿ ಸಾವಿರಾರು ಜನರ ಮುಂದೆ ಹಾಡತೊಡಗಿದ್ದರು. ಅಲ್ಲಿ ಮರೆಯಲ್ಲಿ ನಿಂತು ನುಡಿಸುವವರಿರಲಿಲ್ಲ. ವೇಷದಲ್ಲಿ ಹಿಡಿದಿದ್ದ ವಾದ್ಯಗಳನ್ನೇ ನಿಜವಾಗಿಯೂ ನುಡಿಸಿದರು. ಜನರ ಮುಂದೆ ನುಡಿಸುವುದಕ್ಕೆ ಯೋಗ್ಯರಾದವರು ಧ್ವನಿಮುದ್ರಿಕೆಯಲ್ಲಿ ನುಡಿಸುವುದಕ್ಕೆ ಏಕೆ ಯೋಗ್ಯರಲ್ಲ?

ಹಾಗೆ ಪ್ರವಾಸದಲ್ಲಿದ್ದಾಗಲೇ, 1967ರ ಜನವರಿಯಲ್ಲಿ, ಅವರ ಎರಡನೆಯ ಸಂಪುಟವು ಅಂಗಡಿಗಳಿಗೆ ಬಂದಿತು. ಅದು ಹೊರಬರುವುದು ಅವರಿಗೇ ಗೊತ್ತಿರಲಿಲ್ಲ. ತಮ್ಮ ಮುಖವಿರುವ, ತಮ್ಮ ಹೆಸರಿರುವ, ತಮ್ಮ ಕೊರಳಿರುವ ವಸ್ತುವನ್ನು ಅವರು ಗಿರಾಕಿಗಳಂತೆ ಕೊಂಡು ನೋಡಬೇಕಾಯಿತು. ಅದರಲ್ಲಿ ಯಾವ ಹಾಡು ಇರಬೇಕು, ಯಾವುದು ಬೇಡವೆಂದು ಯಾರೂ ಅವರನ್ನು ಕೇಳಿರಲಿಲ್ಲ. ಮಿತಭಾಷಿಯಾದ ನೆಸ್ಮಿತ್ತನ ತಾಳ್ಮೆ ಅಲ್ಲಿಗೆ ಮುಗಿಯಿತು. ಧ್ವನಿಮುದ್ರಿಕೆಗಳಲ್ಲಿ ತಾವು ನುಡಿಸುತ್ತಿಲ್ಲವೆಂಬುದನ್ನು ಅವನೇ ಪತ್ರಿಕೆಯವರಿಗೆ ಹೇಳಿಬಿಟ್ಟನು. ಒಂದು ಹೋಟೆಲಿನಲ್ಲಿ ಕರ್ಷ್ನರನೊಡನೆಯೂ ಅವನ ವಕೀಲನೊಡನೆಯೂ ಮಾತುಕತೆ ನಡೆದಾಗ, ನಾವೇ ನುಡಿಸುತ್ತೇವೆ, ಇಲ್ಲವಾದರೆ ನಾನು ಬಿಟ್ಟುಹೋಗುತ್ತೇನೆಂದನು. ಕರಾರುಪತ್ರವನ್ನು ಓದಿಕೊಳ್ಳಬೇಕೆಂದು ವಕೀಲನಿಂದ ಉತ್ತರ ಬಂದಿತು. ನೆಸ್ಮಿತ್ತನು ಮುಷ್ಟಿಯಿಂದ ಗೋಡೆಯನ್ನು ಗುದ್ದಿದನು, ಗೋಡೆಯಲ್ಲಿ ತೂತಾಯಿತು.

ಗೋಡೆಯನ್ನು ಗುದ್ದುವುದು ಶಿಷ್ಟಾಚಾರವಲ್ಲ. ಮಕ್ಕಳಿಗೆ ಅದನ್ನು ಮೇಲ್ಪಂಕ್ತಿಯಾಗಿ ತೋರಿಸುವ ಇಚ್ಛೆ ನಮಗಿಲ್ಲ. ಆದರೂ ಆ ಕೋಪವು ಎಂತಹದೆಂಬುದನ್ನು ನೋಡಬೇಕು. ಸಂಬಳ ಸಾಲದೆಂದು ಅವನು ಸಿಟ್ಟಾಗಲಿಲ್ಲ. ಹಣವು ಧಾರಾಳವಾಗಿಯೇ ಬರುತ್ತಿದ್ದಿತು. ಕೆಲಸ ಹೆಚ್ಚಾಯಿತೆಂದು ಸಿಟ್ಟಾಗಲಿಲ್ಲ; ಹೆಚ್ಚು ಕೆಲಸವನ್ನು ಕೊಡಿರೆಂದೇ ಅವನು ಕೇಳಿದುದು. ಸಂಗೀತಗಾರರಂತೆ ನಟಿಸಲು ಕರೆಸಿಕೊಂಡವರು, ನಮ್ಮನ್ನು ಸಂಗೀತಗಾರರಾಗಲು ಬಿಡಿರೆಂದು ಬೇಡಿದರು. ಲೋಕದಲ್ಲಿ ಇಂತಹ ಜಗಳ ಬಹಳ ಇಲ್ಲ.

ಮರು ತಿಂಗಳು, ತಂಡದವರ ಒಪ್ಪಿಗೆಯಿಲ್ಲದೆ ಇನ್ನೊಂದು ಹಾಡನ್ನು ಹೊರತಂದನೆಂಬ ಕಾರಣದಿಂದ ಕರ್ಷ್ನರನನ್ನು ಕೆಲಸದಿಂದ ಬಿಡಿಸಿದರು. ನಾಲ್ವರೂ ಚಿಪ್ ಡಗ್ಲಸ್ ಎಂಬ ಹೊಸ ಮೇಲ್ವಿಚಾರಕನೊಡನೆ ಮುದ್ರಣಶಾಲೆಯನ್ನು ಹೊಕ್ಕರು. ಡೊಲೆನ್ಜನು ಡೋಲು ಕಲಿತು ಬಹಳ ಕಾಲವಾಗಿರಲಿಲ್ಲ, ಲಯ ತಪ್ಪುತ್ತಿದ್ದಿತು, ಒಂದೇ ಹಾಡನ್ನು ಎಷ್ಟೋ ಸಲ ನುಡಿಸಬೇಕಾಗುತ್ತಿದ್ದಿತು. ಹಿಂದೆ ನುರಿತವರು ಬೇಗನೆ ಮುಗಿಸುತ್ತಿದ್ದ ಕೆಲಸಕ್ಕೆ ಇವರಿಗೆ ವಾರಗಳು ಹಿಡಿದವು. ಕೆಲವು ವಾದ್ಯಗಳಿಗೆ ಮಾತ್ರ ಹೊರಗಿನವರ ನೆರವನ್ನು ಪಡೆದು, ಉಳಿದುದನ್ನು ತಾವೇ ನುಡಿಸಿ ಮುಗಿಸಿದ ಆ ಸಂಪುಟದ ಹೆಸರು ‘ಹೆಡ್‌ಕ್ವಾರ್ಟರ್ಸ್’. 1967ರ ಮೇ ತಿಂಗಳಲ್ಲಿ ಹೊರಬಂದು ಅದು ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಒಂದು ವಾರದ ತರುವಾಯ ಬೀಟಲ್ಸರ ‘ಸಾರ್ಜೆಂಟ್ ಪೆಪರ್’ ಬಂದು ಅದನ್ನು ಎರಡನೆಯ ಸ್ಥಾನಕ್ಕಿಳಿಸಿತು. ಯಾರ ಅನುಕರಣವೆಂದು ಇವರನ್ನು ಜನರು ಹಳಿಯುತ್ತಿದ್ದರೋ ಅವರ ಪಕ್ಕದಲ್ಲಿಯೇ ಕೆಲವು ವಾರ ನಿಂತಿದ್ದುದು ಕಡಮೆಯ ಮಾತಲ್ಲ. ಪೆದ್ದನ ವೇಷದ ಟಾರ್ಕನು ಆ ಸಂಪುಟಕ್ಕಾಗಿ ಕಟ್ಟಿದ ಒಂದು ಹಾಡು, ಮಾಲೆಯ ಎರಡನೆಯ ವರ್ಷದಲ್ಲಿ ಪ್ರತಿಯೊಂದು ಕಂತಿನ ಮುಕ್ತಾಯ ಗೀತವಾಯಿತು.

ಇಷ್ಟಾದರೂ ಅಪವಾದ ಹೋಗಲಿಲ್ಲ. ‘ನುಡಿಸಲು ಬಾರದವರು’ ಎಂಬ ಮಾತು ಅವರ ಬೆನ್ನಿಗೆ ಅಂಟಿಕೊಂಡಿತು. ಇಲ್ಲಿ ಒಂದು ಅನ್ಯಾಯವಿದೆ. ಅದೇ ಕಾಲದಲ್ಲಿ ಬೇರೆ ಹೆಸರಾಂತ ತಂಡಗಳವರೂ ಕೂಲಿಯ ವಾದ್ಯಗಾರರನ್ನು ಕರೆಸಿಕೊಳ್ಳುತ್ತಿದ್ದರು. ಬರ್ಡ್ಸ್ ತಂಡದವರಿಗೆ 1965ರಲ್ಲಿ ಕೀರ್ತಿ ತಂದ ಮೊದಲ ಹಾಡಿನಲ್ಲಿ ಆ ತಂಡದ ಒಬ್ಬನು ಮಾತ್ರ ವಾದ್ಯ ನುಡಿಸಿದ್ದನು. ಬೀಚ್ ಬಾಯ್ಸರ 1966ರ ಪ್ರಸಿದ್ಧ ಸಂಪುಟದಲ್ಲಿಯೂ ವಾದ್ಯಗಳನ್ನು ಬಹುಮಟ್ಟಿಗೆ ನುಡಿಸಿದವರು ಅಂತಹವರೇ. ಅವರನ್ನು ಯಾರೂ ಅಷ್ಟಾಗಿ ಹಳಿಯಲಿಲ್ಲ. ನಿಜವನ್ನು ತಾವೇ ಹೇಳಿದವರಿಗೆ ಮಾತ್ರ ದಂಡ ಬಿದ್ದಿತು.

ಕನ್ನಡ ನಾಡಿನ ನಮಗೆ ಈ ವಿವಾದವು ಕೊಂಚ ವಿಚಿತ್ರವಾಗಿ ತೋರುವುದು ಸಹಜ. ತೆರೆಯ ಮೇಲೆ ಒಬ್ಬರ ತುಟಿ, ತೆರೆಯ ಹಿಂದೆ ಒಬ್ಬರ ಕೊರಳು ಎಂಬುದನ್ನು ನಾವು ಬಹುಕಾಲದಿಂದ ಒಪ್ಪಿಕೊಂಡಿದ್ದೇವೆ. ರಾಜ್‌ಕುಮಾರರ ಪಾತ್ರಗಳಿಗೆ ಪಿ. ಬಿ. ಶ್ರೀನಿವಾಸರು ಹಾಡುತ್ತಿದ್ದಾಗ ಯಾವ ಪ್ರೇಕ್ಷಕನೂ ಮೋಸಹೋದೆನೆಂದು ದೂರಲಿಲ್ಲ. ಹಾಡಿದವರು ಯಾರೆಂಬುದು ಎಲ್ಲರಿಗೂ ತಿಳಿದಿದ್ದಿತು, ಇಬ್ಬರಿಗೂ ತಕ್ಕ ಮರ್ಯಾದೆ ಸಂದಿತು. ನಾಟಕಮಂಡಲಿಯಲ್ಲಿ ಹಾಡಿ ಬೆಳೆದಿದ್ದ ರಾಜ್‌ಕುಮಾರರು 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ತಾವೇ ಹಾಡಿದಾಗಲೂ ಜನರು ಸಂತೋಷಪಟ್ಟರೇ ಹೊರತು ಹಿಂದಿನ ಹಾಡುಗಳನ್ನು ಸುಳ್ಳೆನ್ನಲಿಲ್ಲ. ಎರವಲು ತರುವುದು ದೋಷವಲ್ಲ, ಕೊಟ್ಟವರ ಹೆಸರನ್ನು ಮುಚ್ಚಿಡುವುದು ದೋಷ. ಮಂಕೀಸರ ಮೊದಲ ಧ್ವನಿಮುದ್ರಿಕೆಗಳ ಮೇಲೆ ನುಡಿಸಿದವರ ಹೆಸರುಗಳನ್ನೆಲ್ಲ ಸರಿಯಾಗಿ ಅಚ್ಚುಹಾಕಿದ್ದರೆ ಅರ್ಧ ಜಗಳ ಹುಟ್ಟುತ್ತಲೇ ಇರಲಿಲ್ಲವೆಂದು ನಮಗೆ ತೋರುತ್ತದೆ.

ಉಳಿದರ್ಧ ಜಗಳಕ್ಕೆ ಉತ್ತರವನ್ನು ಈ ಮಾಲೆಯೇ ಹೇಳಿದೆ. 1968ರ ಫೆಬ್ರವರಿಯ ಒಂದು ಕಂತಿನಲ್ಲಿ ಪೀಟರನು ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಹಾರ್ಪ್ ವಾದ್ಯವನ್ನು ಕಂಡು ಮರುಳಾಗುತ್ತಾನೆ. ಕೈಯಲ್ಲಿ ಕಾಸಿಲ್ಲ, ನುಡಿಸಲೂ ಬಾರದು. ಅಂಗಡಿಯವನು ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡು ವಾದ್ಯವನ್ನು ಕೊಟ್ಟು ಕಳುಹಿಸುತ್ತಾನೆ. ಮನೆಗೆ ಬಂದು ಮುಟ್ಟಿದರೆ ಬೆರಳುಗಳು ತಾವಾಗಿಯೇ ಓಡುತ್ತವೆ! ಅಂಗಡಿಯವನು ಸೈತಾನನೆಂದೂ, ರುಜು ಹಾಕಿದುದು ಆತ್ಮವನ್ನು ಮಾರಿದ ಪತ್ರಕ್ಕೆಂದೂ ಆಮೇಲೆ ತಿಳಿಯುತ್ತದೆ. ಸೈತಾನನ ಕಚೇರಿಯಲ್ಲಿ ವಿಚಾರಣೆ ನಡೆಯುತ್ತದೆ. ಸಾಕ್ಷಿ ಹೇಳುವವರು ಇತಿಹಾಸದ ದುಷ್ಟರು. ಪೀಟರನ ಪರವಾಗಿ ವಾದಿಸುವವನು ನೆಸ್ಮಿತ್. ವಿದ್ಯೆಯನ್ನು ನೀನು ಕೊಟ್ಟುದಲ್ಲ, ಸಂಗೀತದ ಮೇಲೆ ಇವನಿಗಿರುವ ಪ್ರೀತಿಯೇ ಕೊಟ್ಟುದೆಂದು ಅವನ ವಾದ. ಹಾಗಾದರೆ ನನ್ನ ಶಕ್ತಿಯನ್ನು ಹಿಂದಕ್ಕೆ ತೆಗೆದುಕೊಂಡೆ, ನುಡಿಸಲಿ ನೋಡೋಣವೆಂದು ಸೈತಾನನು ಸವಾಲೆಸೆಯುತ್ತಾನೆ. ಪೀಟರನು ಅಂಜುತ್ತ ಅಂಜುತ್ತ ತಂತಿಯ ಮೇಲೆ ಕೈಯಿಡುತ್ತಾನೆ, ನಾದ ಹೊರಡುತ್ತದೆ.

ಹಿಂದೆ ನೋಡಿದಾಗ ನಾವು ಇದನ್ನು ಮಕ್ಕಳ ಕಥೆಯೆಂದುಕೊಂಡಿದ್ದೆವು. ಈಗ ನೋಡಿದರೆ ಅಲ್ಲಿ ನಿಂತು ವಾದಿಸುತ್ತಿರುವವನು ಒಂದು ವರ್ಷದ ಹಿಂದೆ ಗೋಡೆಯನ್ನು ಗುದ್ದಿದ ಅದೇ ನೆಸ್ಮಿತ್. ಅಲ್ಲಿಯೂ ಕರಾರುಪತ್ರವಿದ್ದಿತು, ಇಲ್ಲಿಯೂ ಇದೆ. ಅಲ್ಲಿ ಮಾತು ಮುಗಿದು ಮುಷ್ಟಿ ಎದ್ದಿತ್ತು. ಇಲ್ಲಿ ದನಿಯೆತ್ತದೆ, ಸ್ನೇಹಿತನ ಮುಖವನ್ನು ನೋಡುತ್ತ, ನಿಧಾನವಾಗಿ ಹೇಳುತ್ತಾನೆ. ಹಾಸ್ಯದ ಮಾಲೆಯಲ್ಲಿ ಆ ಎರಡು ನಿಮಿಷ ನಗೆಯಿಲ್ಲ. ನಾವೂ ನಗಲಿಲ್ಲ.

ಇನ್ನೊಂದು ಕಂತು 1967ರ ಕ್ರಿಸ್ಮಸ್ ದಿನ ಬಂದುದು. ಶ್ರೀಮಂತರ ಮನೆಯ ಒಬ್ಬಂಟಿ ಹುಡುಗನೊಬ್ಬನಿಗೆ ನಾಲ್ವರೂ ಹಬ್ಬದ ಸಂತೋಷವನ್ನು ತೋರಿಸಿಕೊಡಲು ಹೆಣಗುವುದೇ ಅದರ ಕಥೆ. ಅದರ ಕೊನೆಯಲ್ಲಿ ನಾಲ್ವರೂ ಒತ್ತಿಗೆ ನಿಂತು, ಸ್ಪೇನ್ ದೇಶದ ಹದಿನಾರನೆಯ ಶತಮಾನದ ಒಂದು ಹಬ್ಬದ ಹಾಡನ್ನು ಹಾಡುತ್ತಾರೆ. ಗಿಟಾರಿಲ್ಲ, ಡೋಲಿಲ್ಲ; ನಾಲ್ಕು ಕೊರಳುಗಳು ಮಾತ್ರ. ಇವರಿಗೆ ಸಂಗೀತ ಬಾರದೆಂದು ಯಾರಾದರೂ ಹೇಳಿದರೆ ಈ ಎರಡು ನಿಮಿಷವನ್ನು ತೋರಿಸಿದರೆ ಸಾಕು. ಅಲ್ಲಿಗೇ ಮುಗಿಯಲಿಲ್ಲ. ಹಾಡಾದ ಮೇಲೆ ದೀಪ ಹಿಡಿಯುವವರು, ಕ್ಯಾಮರಾದವರು, ಸಾಮಾನು ಸಾಗಿಸುವವರು ಮೊದಲಾದ ತೆರೆಯ ಹಿಂದಿನವರನ್ನೆಲ್ಲ ಮುಂದಕ್ಕೆ ಕರೆದು ನೋಡುವವರಿಗೆ ತೋರಿಸುತ್ತಾರೆ. ಹಿತ್ತಲ ಒಲೆಯ ಬಳಿಯಿದ್ದವರನ್ನು ಪಂಕ್ತಿಯ ಮುಂದೆ ಕರೆತಂದು ನಿಲ್ಲಿಸಿದಂತಾಯಿತು. ತಮ್ಮ ಕೈಗೆ ಕೆಲಸವನ್ನು ಕೇಳಿ ಪಡೆದವರಿಗೆ ಇತರರ ಕೈಗಳ ಬೆಲೆಯೂ ತಿಳಿದಿದ್ದಿತು.

ದೋಷಗಳನ್ನು ಮುಚ್ಚಿಡುವುದು ನಮ್ಮ ಪದ್ಧತಿಯಲ್ಲ. ಎಷ್ಟೋ ಕಂತುಗಳ ಕಥೆ ತೆಳುವಾದುದು. ಗೂಢಚಾರರು, ಕಳ್ಳರು, ಅರಸುಕುಮಾರಿಯರು ಬಂದ ಹಾಗೆಯೇ ಹೋಗುತ್ತಾರೆ. ಚೀನದವರನ್ನೂ ಇತರ ಜನಾಂಗದವರನ್ನೂ ಅಂದಿನ ಅಮೆರಿಕದವರು ಮಾಡುತ್ತಿದ್ದಂತೆ ಅಪಹಾಸ್ಯಮಾಡಿರುವ ಭಾಗಗಳು ಇಂದು ಮನಸ್ಸಿಗೆ ಹಿಡಿಸುವುದಿಲ್ಲ. ಮಕ್ಕಳೊಡನೆ ನೋಡುವವರು ಅಲ್ಲಿ ಒಂದು ಮಾತು ತಿಳಿಯಹೇಳಬೇಕಾಗುತ್ತದೆ. ಇನ್ನು, ಮೊದಲ ವರ್ಷದ ಕಂತುಗಳಲ್ಲೆಲ್ಲ ಯಂತ್ರದಿಂದ ಹೊರಡುವ ಎರವಲು ನಗೆ ಕೇಳಿಸುತ್ತದೆ. ಎರಡನೆಯ ವರ್ಷದ ನಡುವೆ ಅದು ನಿಂತುಹೋಗುತ್ತದೆ. ಅದು ಬೇಡವೆಂದು ಹಟಹಿಡಿದವರೂ ಈ ಹುಡುಗರೇ. ನಗು ಬಂದರೆ ಮನೆಯವರೇ ನಗಲಿ, ಬಾರದಿದ್ದರೆ ಸುಮ್ಮನಿರಲಿ ಎಂಬ ಆ ಧೈರ್ಯವನ್ನು ಮೆಚ್ಚಬೇಕು. 1968ರ ಮಾರ್ಚಿನ ಕಡೆಯ ಕಂತನ್ನು ಡೊಲೆನ್ಜನೇ ನಿರ್ದೇಶಿಸಿದನು. ಟೆಲಿವಿಷನ್ ಪೆಟ್ಟಿಗೆಯ ಮುಂದೆ ಕುಳಿತವರೆಲ್ಲ ಮಂಕುಬಡಿದು ಕಲ್ಲಾಗುವುದೇ ಅದರ ಕಥೆ. ತಮಗೆ ಅನ್ನವಿಕ್ಕಿದ ಪೆಟ್ಟಿಗೆಯನ್ನೇ ಹಾಸ್ಯಮಾಡಿ ಅವರು ಬೀಳ್ಕೊಂಡರು.

ಆಮೇಲಿನ ಕಥೆಯು ಸುಖದುಃಖಗಳೆರಡೂ ಕೂಡಿದುದು. ‘ಹೆಡ್‌ಕ್ವಾರ್ಟರ್ಸ್’ ಆದ ಮೇಲೆ ಎಲ್ಲವನ್ನೂ ತಾವೇ ನುಡಿಸಬೇಕೆಂಬ ಉತ್ಸಾಹ ಉಳಿದವರಲ್ಲಿ ಇಳಿಯಿತು. ಮುಂದಿನ ಸಂಪುಟಗಳಿಗೆ ಅವರು ತಾವಾಗಿಯೇ ಹೊರಗಿನ ವಾದ್ಯಗಾರರನ್ನು ಮತ್ತೆ ಕರೆಸಿಕೊಂಡರು. ಟಾರ್ಕನಿಗೆ ಮಾತ್ರ ನಾಲ್ವರೂ ಕೂಡಿ ನುಡಿಸುವುದೇ ಬೇಕಾಗಿದ್ದಿತು. ಹೋರಾಡಿ ಪಡೆದ ಹಕ್ಕನ್ನು ಇವರು ಇಷ್ಟು ಬೇಗ ಬಿಟ್ಟುಕೊಟ್ಟರಲ್ಲಾ ಎಂಬ ಕೊರಗು ಅವನನ್ನು ಕಾಡಿತು. 1968ರ ಕೊನೆಗೆ ಅವನೇ ಮೊದಲು ತಂಡವನ್ನು ಬಿಟ್ಟನು. ಅದೇ ವರ್ಷ ಅವರು ಮಾಡಿದ ‘ಹೆಡ್’ ಎಂಬ ಚಲಚ್ಚಿತ್ರವನ್ನು ಜನರು ನೋಡಲಿಲ್ಲ. ನಿರ್ಮಾಪಕರಿಬ್ಬರು ಇಲ್ಲಿ ಸಂಪಾದಿಸಿದ ಬಲದಿಂದ 1969ರಲ್ಲಿ ‘ಈಸಿ ರೈಡರ್’ ಎಂಬ ಪ್ರಸಿದ್ಧ ಚಿತ್ರವನ್ನು ಹೊರತಂದರು. 1986ರಲ್ಲಿ ಎಂ.ಟಿವಿ.ಯವರು ಹಳೆಯ ಕಂತುಗಳನ್ನು ಒಟ್ಟಾಗಿ ಮರುಪ್ರಸಾರ ಮಾಡಿದಾಗ, ಹಿಂದೆ ನೋಡಿದ್ದವರ ಮಕ್ಕಳು ತಂದೆತಾಯಿಗಳ ಪಕ್ಕದಲ್ಲಿ ಕುಳಿತು ನಕ್ಕರು. ತಂಡವು ಮತ್ತೆ ಊರೂರು ಸುತ್ತಿ ಹಾಡಿತು. ಜೋನ್ಸನು 2012ರಲ್ಲಿಯೂ ಟಾರ್ಕನು 2019ರಲ್ಲಿಯೂ ನೆಸ್ಮಿತ್ತನು 2021ರಲ್ಲಿಯೂ ತೀರಿಕೊಂಡರು. ನೆಸ್ಮಿತ್ತನು ಸಾಯುವುದಕ್ಕೆ ಕೆಲವು ವಾರಗಳ ಹಿಂದಿನವರೆಗೂ ಡೊಲೆನ್ಜನೊಡನೆ ವೇದಿಕೆಯ ಮೇಲೆ ಹಾಡುತ್ತಿದ್ದನು.

ಕರ್ಷ್ನರನು ಏನಾದನೆಂದು ವಾಚಕರು ಕೇಳಬಹುದು. ಅವನು ಕೈಕಟ್ಟಿ ಕೂರಲಿಲ್ಲ. 1968ರಲ್ಲಿ ಅವನಿಗೆ ಇನ್ನೊಂದು ಟೆಲಿವಿಷನ್ ತಂಡದ ಸಂಗೀತದ ಭಾರವು ಸಿಕ್ಕಿತು. ಅದರ ಹೆಸರು ‘ಆರ್ಚೀಸ್’; ಅದರವರೆಲ್ಲ ಕಾಗದದ ಮೇಲೆ ಬರೆದ ಗೊಂಬೆಚಿತ್ರಗಳು. ಅವರ ಹೆಸರಿನಲ್ಲಿ ಹೊರಬಂದ ‘ಷುಗರ್, ಷುಗರ್’ ಎಂಬ ಹಾಡು 1969ರಲ್ಲಿ ಪಟ್ಟಿಯ ಅಗ್ರಸ್ಥಾನದಲ್ಲಿ ಮೆರೆಯಿತು. ಬರೆದ ಗೊಂಬೆಗಳು ವಾದ್ಯವನ್ನು ಕೇಳುವುದಿಲ್ಲ, ಗೋಡೆಯನ್ನು ಗುದ್ದುವುದಿಲ್ಲ. ಆ ಹಾಡು ಕಿವಿಗೆ ಇಂಪಾಗಿಯೇ ಇದೆ. ನಾವೂ ಅದನ್ನು ಕೇಳಿ ತಲೆದೂಗಿದ್ದುಂಟು. ಆದರೆ ಹೆಡ್‌ಕ್ವಾರ್ಟರ್ಸಿನಲ್ಲಿ ಅಲ್ಲಲ್ಲಿ ಲಯ ಸಡಿಲವಾಗಿ, ಡೋಲಿನವನು ಅವಸರದಿಂದ ಮತ್ತೆ ತಾಳಕ್ಕೆ ಬಂದು ಸೇರಿಕೊಳ್ಳುವಾಗ ನಮಗಾಗುವ ಸಂತೋಷವೇ ಬೇರೆ.

ನಮ್ಮ ಮನೆಗಳಲ್ಲಿಯೂ ಇಂತಹ ಬೇಡಿಕೆ ದಿನವೂ ಕೇಳಿಬರುತ್ತದೆ. ಎಂಟು ವರ್ಷದ ಹುಡುಗಿ ಚಪಾತಿಯನ್ನು ತಾನೇ ಲಟ್ಟಿಸುತ್ತೇನೆಂದು ಲಟ್ಟಣಿಗೆಗೆ ಕೈಚಾಚುತ್ತಾಳೆ. ಅವಳು ಲಟ್ಟಿಸಿದುದು ಗುಂಡಗಾಗುವುದಿಲ್ಲ, ಹಿಟ್ಟು ನೆಲಕ್ಕೆ ಚೆಲ್ಲುತ್ತದೆ, ಹೊತ್ತು ಮೀರುತ್ತದೆ. ಅವಸರದಲ್ಲಿರುವ ನಾವು ಲಟ್ಟಣಿಗೆಯನ್ನು ಕಿತ್ತುಕೊಂಡು, ಅವಳನ್ನು ಸುಮ್ಮನೆ ಕೂರಿಸಿ, ಊಟದ ಹೊತ್ತಿಗೆ ಇದನ್ನು ನಮ್ಮ ಹುಡುಗಿಯೇ ಮಾಡಿದಳೆಂದು ಎಲ್ಲರ ಮುಂದೆ ಹೊಗಳುತ್ತೇವೆ. ಅವಳು ಆಗ ತಲೆ ತಗ್ಗಿಸುವುದು ನಾಚಿಕೆಯಿಂದಲೇ ಎಂದು ನಾವು ತಿಳಿಯುತ್ತೇವೆ. ಈ ಸಲ ಲಟ್ಟಣಿಗೆಯನ್ನು ಅವಳ ಕೈಯಲ್ಲಿಯೇ ಬಿಟ್ಟು, ವಕ್ರವಾದ ಚಪಾತಿಯನ್ನು ಮೊದಲು ನಮ್ಮ ಎಲೆಗೆ ಹಾಕಿಸಿಕೊಳ್ಳೋಣ. ಊಟವಾದ ಮೇಲೆ, ಬಿಡುವಿದ್ದರೆ, ಆ ಹಾರ್ಪ್ ವಾದ್ಯದ ಕಂತನ್ನು ಅವಳೊಡನೆ ಕುಳಿತು ನೋಡಬಹುದು.